‘ಒಂದು ಛಲೋ ಸೂಜಿ ಮಾಡ್ರಿ’

ನಾಯಿಮರಿಯನ್ನು ಟೇಬಲ್ ಮೇಲೆ ಇಡುವ ಮೊದಲೇ ಮಾತು ಬಂದುಬಿಡುತ್ತದೆ: ‘ಡಾಕ್ಟರ್ರ, ಒಂದು ಛಲೋ ಸೂಜಿ ಮಾಡ್ರಿ, ಸಂಜಿ ಅನ್ನೂದ್ರಾಗ ಎದ್ದು ಓಡ್ಯಾಡಬೇಕು ನೋಡ್ರಿ.’ ಹುಬ್ಬಳ್ಳಿಯಲ್ಲಿ ಪ್ರಾಣಿಗಳ ದವಾಖಾನೆ ಇಟ್ಟುಕೊಂಡವನಿಗೆ ಇದು ದಿನದ ಮಾತು. ಮೊದಮೊದಲು ಸಿಟ್ಟು ಬರುತ್ತಿತ್ತು. ಈ ಮಾತು ಹುಟ್ಟಿದ್ದು ಎಲ್ಲಿ ಅಂತ ತಿಳಿದ ಮೇಲೆ ಸಿಟ್ಟು ಇಳಿಯಿತು.

ಹುಟ್ಟಿದ್ದು ದನದ ಮನೆಯಲ್ಲಿ. ವಿದ್ಯಾನಗರದ ಫ್ಲ್ಯಾಟಿನಲ್ಲಿ ಲ್ಯಾಬ್ರಡಾರ್ ಸಾಕಿದವರಲ್ಲಿ ಬಹಳ ಮಂದಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯವರು. ಸಣ್ಣವರಿದ್ದಾಗ ಅವರು ಒಂದು ಪವಾಡ ನೋಡಿರುತ್ತಾರೆ. ಈದ ಮರುದಿನ ಜರ್ಸಿ ಆಕಳು ಗ್ವಾದಲಿ ಮುಂದೆ ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ತಿರುವಿಕೊಂಡು ಬಿದ್ದಿದೆ. ಕಿವಿ ತಣ್ಣಗೆ, ಮೂಗು ಒಣಒಣ. ದನದ ಡಾಕ್ಟರು ಮೋಟರ್‌ಸೈಕಲ್ಲಿನಲ್ಲಿ ಬಂದು ಕುತ್ತಿಗೆಯ ರಕ್ತನಾಳಕ್ಕೆ 450 ಮಿ.ಲೀ. ಬಾಟಲಿ ಹಚ್ಚುತ್ತಾರೆ. ಬಾಟಲಿ ಮುಗಿಯುವಷ್ಟರಲ್ಲಿ ಆಕಳು ತೇಗುತ್ತದೆ, ಸೆಗಣಿ ಹಾಕುತ್ತದೆ, ಮೂಗಿನ ಮೇಲೆ ಹನಿ ಮೂಡುತ್ತದೆ. ಇನ್ನೊಂದು ತಾಸಿಗೆ ಎದ್ದು ಕರುವನ್ನು ನೆಕ್ಕುತ್ತಿರುತ್ತದೆ.

ಅದು ಹಾಲುಜ್ವರ. ಹೆಸರಿನಲ್ಲಷ್ಟೇ ಜ್ವರ, ಮುಟ್ಟಿದರೆ ಮೈ ತಣ್ಣಗೇ ಇರುತ್ತದೆ. ಹೆಚ್ಚು ಹಾಲಿನ ಆಕಳು, ಅದರಲ್ಲೂ ಮೂರನೇ ಸೂಲು ದಾಟಿದ್ದು, ಈದ ಎರಡು-ಮೂರು ದಿನದೊಳಗೆ ಹೀಗೆ ಬೀಳುತ್ತದೆ. ಗಿಣ್ಣದ ಹಾಲು ಕೆಚ್ಚಲಿಗೆ ಇಳಿಯುವಾಗ ರಕ್ತದ ಕ್ಯಾಲ್ಸಿಯಂ ಅದರೊಂದಿಗೇ ಹೋಗುತ್ತದೆ; ಎಲುಬಿನಿಂದ ಅಷ್ಟು ಬೇಗ ತುಂಬಿ ಬರುವುದಿಲ್ಲ. ಅದಿಲ್ಲದೆ ಸ್ನಾಯು ಕೆಲಸ ಮಾಡವು. ಕಮ್ಮಿಯಾದದ್ದನ್ನೇ ರಕ್ತಕ್ಕೆ ಸೇರಿಸಿದರೆ ಆಕಳು ಏಳುತ್ತದೆ. ಡಾಕ್ಟರ ಕೈಚಳಕ ಇರುವುದು ಬಾಟಲಿಯನ್ನು ನಿಧಾನಕ್ಕೆ ಬಿಡುವುದರಲ್ಲಿ. ಎದೆಬಡಿತ ಕೇಳುತ್ತಲೇ ಇರಬೇಕು, ತಾಳ ತಪ್ಪಿದರೆ ಅಲ್ಲೇ ನಿಲ್ಲಿಸಬೇಕು. ಅವಸರ ಮಾಡಿದರೆ ಹೃದಯವೇ ನಿಂತೀತು. ನೋಡುವವರ ಕಣ್ಣಿಗೆ ಮಾತ್ರ ಬೀಳುವುದು ಸೂಜಿ ಮತ್ತು ಎದ್ದುನಿಂತ ಆಕಳು. (ಬಂದ ಮಾತಿಗೆ ಹೇಳಿಬಿಡುತ್ತೇನೆ: ಡಾಕ್ಟರು ಬರುವತನಕ ಬಿದ್ದ ಆಕಳಿಗೆ ಗೊಟ್ಟದಲ್ಲಿ ಎಣ್ಣೆ, ಬೆಲ್ಲದ ನೀರು ಹಾಕಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಪುಪ್ಪುಸಕ್ಕೆ ಇಳಿಯುತ್ತದೆ.)

ಆ ಚಿತ್ರವನ್ನು ಕಣ್ಣಲ್ಲಿಟ್ಟುಕೊಂಡೇ ಅದೇ ಮನುಷ್ಯ ಮೂವತ್ತು ವರ್ಷದ ಮೇಲೆ ಎರಡೂವರೆ ತಿಂಗಳ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬರುತ್ತಾನೆ. ವಾಂತಿ, ರಕ್ತ ಬೆರೆತ ಭೇದಿ. ಬಾಗಿಲು ದಾಟುವಾಗಲೇ ವಾಸನೆ ಹೇಳಿಬಿಡುತ್ತದೆ, ಇದು ಪಾರ್ವೊ.

1978ರಲ್ಲಿ ಜಗತ್ತಿಗೆ ಗೊತ್ತಾದ ಈ ವೈರಸ್ಸನ್ನು ನೇರವಾಗಿ ಕೊಲ್ಲುವ ಸೂಜಿ ನನ್ನ ಕಪಾಟಿನಲ್ಲಿಲ್ಲ. ಅದು ಕರುಳಿನ ಒಳಪದರವನ್ನು ಕಿತ್ತುಹಾಕುತ್ತದೆ, ಎಲುಬಿನ ಮಜ್ಜೆಯನ್ನು ಹಿಡಿದು ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ನಾನು ಮಾಡುವುದು ಸಲೈನ್ ಹಚ್ಚಿ ನೀರು-ಉಪ್ಪು ತುಂಬುವುದು, ವಾಂತಿ ತಡೆಯುವುದು, ಹರಿದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರದಂತೆ ಆ್ಯಂಟಿಬಯಾಟಿಕ್ ಕೊಡುವುದು. ಹೋರಾಡಬೇಕಾದದ್ದು ಮರಿಯ ಮೈ. ಅದಕ್ಕೆ ನಾಲ್ಕೈದು ದಿನ ಗಳಿಸಿಕೊಡುವುದು ನನ್ನ ಕೆಲಸ. ಆ ನಾಲ್ಕೈದು ದಿನದ ಬಿಲ್ಲು ಕೆಲವೊಮ್ಮೆ ಮರಿ ಕೊಂಡ ದುಡ್ಡನ್ನೂ ದಾಟುತ್ತದೆ. ಇಷ್ಟಾದರೂ ಮರಿ ಹೋದರೆ ನಾನು ಕಳ್ಳ, ಉಳಿದರೆ ದೇವರು. ಎರಡು ಸಲವೂ ನಾನು ಮಾಡಿದ ಕೆಲಸ ಒಂದೇ.

ನನ್ನದೂ ತಪ್ಪಿದೆ. ಕೆಲವು ತಿಂಗಳ ಹಿಂದೆ ಗೋಕುಲ ರೋಡ್ ಕಡೆಯ ಒಬ್ಬರ ಮರಿ ಮೂರನೇ ದಿನ ತಲೆ ಎತ್ತಿ ಬಾಲ ಆಡಿಸಿತು. ಮನೆಯ ಹುಡುಗಿ ಅಳುವುದನ್ನು ನಿಲ್ಲಿಸಿ ನಕ್ಕಳು. ನನಗೂ ಖುಷಿಯಾಗಿ ‘ಆರಾಮ ಆತ್ರಿ’ ಅಂದುಬಿಟ್ಟೆ. ಅಂದು ರಾತ್ರಿಯೇ ಮರಿ ಸತ್ತಿತು. ಬಿಳಿ ಕಣ ಪೂರಾ ಕುಸಿಯುವ ಹೊತ್ತು ಅದೇ. ರಕ್ತ ಪರೀಕ್ಷೆ ಮಾಡಿಸಿದ್ದರೆ ನನಗೆ ಗೊತ್ತಾಗಬಹುದಿತ್ತು. ದುಡ್ಡು ಉಳಿಸೋಣ ಅಂತ ಬಿಟ್ಟಿದ್ದೆ. ಮರುದಿನ ಮರಿಯ ಅಪ್ಪ (ಹೌದು, ನಮ್ಮಲ್ಲಿ ಹಾಗೇ ಅನ್ನುತ್ತಾರೆ) ಬಾಗಿಲಲ್ಲಿ ನಿಂತು ಕೂಗಾಡಿದರು: ‘ಸಾಯ್ತೈತಿ ಅಂತ ಹೇಳಿದ್ರ ತಡಕೋತಿದ್ವಿ. ಆರಾಮ ಆತು ಅಂದ್ರೆಲ್ರಿ ನೀವು!’ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಈಗ ಮರಿ ತಾನಾಗಿ ತಿಂದು, ತಿಂದದ್ದು ಒಂದು ದಿನ ಹೊಟ್ಟೆಯಲ್ಲಿ ನಿಲ್ಲುವತನಕ ಆ ಶಬ್ದ ನನ್ನ ಬಾಯಿಂದ ಬರುವುದಿಲ್ಲ. ಎಷ್ಟು ದಿನ, ದಿನಕ್ಕೆ ಎಷ್ಟು ಖರ್ಚು, ಯಾವಾಗ ಆಸೆ ಬಿಡಬೇಕು ಅನ್ನುವುದನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ನಿಮ್ಮ ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

‘ಅಲ್ಲೊಬ್ರು ಒಂದ ಸೂಜಿಗೆ ಎಬ್ಬಿಸಿದ್ರು’ ಅನ್ನುವವರಿದ್ದಾರೆ. ಎಬ್ಬಿಸಬಹುದು. ಸ್ಟೀರಾಯ್ಡ್ ಕೊಟ್ಟರೆ ಜ್ವರ ಇಳಿಯುತ್ತದೆ, ನಾಯಿ ಅನ್ನದ ತಾಟಿಗೆ ಬಾಯಿ ಹಾಕುತ್ತದೆ. ಸರಿಯಾದ ರೋಗಕ್ಕೆ ಅದು ಒಳ್ಳೆಯ ಔಷಧಿ, ನಾನೂ ಬಳಸುತ್ತೇನೆ. ಆದರೆ ಪಾರ್ವೊದಂಥ ಸೋಂಕಿನಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಕೊಟ್ಟ ಸೂಜಿಯ ಹೆಸರು ಬರೆಸಿಕೊಂಡು ಬನ್ನಿ ಎಂದು ನಾನು ಗಂಟುಬೀಳುವುದು ಇದಕ್ಕೇ.

ಇನ್ನೊಂದು ದೂರು: ‘ಲಸಿಕಿ ಹಾಕ್ಸೇವ್ರಿ, ಆದ್ರೂ ಬಂತು.’ ಕೇಳಿದರೆ ಒಂದೇ ಡೋಸ್ ಆಗಿರುತ್ತದೆ. ತಾಯಿಯ ಗಿಣ್ಣದ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವತನಕ ಲಸಿಕೆಯನ್ನು ತಡೆಯುತ್ತದೆ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6ರಿಂದ 8ನೇ ವಾರದಲ್ಲಿ ಶುರು ಮಾಡಿ 3–4 ವಾರಕ್ಕೊಮ್ಮೆ 16ನೇ ವಾರದತನಕ ಹಾಕಬೇಕು. ಒಂದೇ ಡೋಸಿಗೆ ಕಾರ್ಡ್ ಕೊಟ್ಟು ‘ಎಲ್ಲಾ ಆಗೇತ್ರಿ’ ಎಂದು ಮರಿ ಮಾರುವವರ ಮಾತು ನಂಬಬೇಡಿ.

ಕೂಗಾಡಿದ ಆ ಗೋಕುಲ ರೋಡಿನವರು ಹೋದ ತಿಂಗಳು ಮತ್ತೆ ಬಂದಿದ್ದರು, ಎಂಟು ವಾರದ ಹೊಸ ಮರಿ ಕಂಕುಳಲ್ಲಿ. ಈ ಸಲ ಸೂಜಿಯ ಮಾತೇ ಇಲ್ಲ. ‘ಅದ ಅಂಗಳದಾಗ ಬಿಡಬಹುದೇನ್ರಿ? ಫಿನೈಲ್ ಹಾಕಿ ತೊಳಿಸೇನಿ’ ಅಂದರು. ಫಿನೈಲಿಗೆ ಈ ವೈರಸ್ ಬಗ್ಗುವುದಿಲ್ಲ ಅಂದೆ. ಮನೆಯೊಳಗಿನ ಫರಸಿಯನ್ನು ಸ್ವಚ್ಛ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿದರೆ ಸಾಯುತ್ತದೆ. ಅಂಗಳದ ಮಣ್ಣಿಗೆ ಅದೂ ನಾಟುವುದಿಲ್ಲ. ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಂಗಿಗೆ ಫೋನ್ ಹಚ್ಚಿದರು. ಮರಿ ಈಗ ಧಾರವಾಡದ ಸಪ್ತಾಪುರದಲ್ಲಿ, ಆ ತಂಗಿಯ ಮೂರನೇ ಮಹಡಿಯ ಮನೆಯಲ್ಲಿದೆ. ಬರುವ ಗುರುವಾರ ಎರಡನೇ ಡೋಸ್.