ಮನೆ ಅತಿಥಿಗೃಹವಾಗುವ ಮುನ್ನ ಸಂಪಿನ ಲೆಕ್ಕ

ಮೈಸೂರಿನಲ್ಲಿ ಮನೆಯನ್ನು ಅತಿಥಿಗೃಹವಾಗಿ ಮಾರ್ಪಡಿಸಲು ಬರುವವರು ಮೊದಲು ಕೇಳುವುದು ಎಷ್ಟು ಕೋಣೆ ತೆಗೆಯಬಹುದು ಎಂದು. ವಾಸ್ತುಶಿಲ್ಪಿಯಾಗಿ ನಾನು ಈಗ ಮೊದಲು ನೋಡುವುದು ಸಂಪು ಮತ್ತು ಒಳಚರಂಡಿಯ ಚೇಂಬರನ್ನು.

ನಂಜರಾಜ ಬಹದ್ದೂರ್ ಛತ್ರದಂತಹ ಕಟ್ಟಡಗಳನ್ನು ಕಟ್ಟಿದ್ದೇ ಪರಊರಿನವರು ತಂಗಲೆಂದು. ಗೋಕುಲಂ, ಜಯಲಕ್ಷ್ಮೀಪುರಂಗಳ ಮನೆಗಳು ಹಾಗಲ್ಲ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ತಿಂಗಳುಗಟ್ಟಲೆ ಉಳಿಯುವ ವಿದ್ಯಾರ್ಥಿಗಳಿಗೆ ಅಲ್ಲಿನ ಮನೆಗಳು ಮಹಡಿಯನ್ನು ಬಿಟ್ಟುಕೊಟ್ಟವು. ಮಕ್ಕಳು ಪರದೇಶದಲ್ಲಿರುವ ವೃದ್ಧ ದಂಪತಿಗೆ ಅದರಿಂದ ಆದಾಯವೂ ಬಂತು, ಮನೆಯಲ್ಲಿ ಮಾತೂ ಕೇಳಿಸಿತು. ಬೀದಿಯ ಎಳನೀರಿನವರಿಗೆ, ಇಸ್ತ್ರಿಯವರಿಗೆ, ಆಟೋದವರಿಗೆ ದಸರಾ ಕಳೆದ ಮೇಲೂ ಗಿರಾಕಿಗಳು ಉಳಿದರು. ಇದು ಬಡಾವಣೆಗೆ ಸಣ್ಣ ಉಪಕಾರವಲ್ಲ.

ಆದರೆ ಲೆಕ್ಕ ತಪ್ಪಬಾರದು. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರೆಂದು ಹಿಡಿದರೆ ನಾಲ್ವರ ಸಂಸಾರಕ್ಕೆ 540 ಲೀಟರ್ ಸಾಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಹೋಟೆಲಿನ ಒಂದು ಹಾಸಿಗೆಗೆ 180 ಲೀಟರ್ ಎಣಿಸುತ್ತದೆ; ಅದೇ ಮನೆಯಲ್ಲಿ ಇಬ್ಬಿಬ್ಬರು ಮಲಗುವ ಆರು ಕೋಣೆ ಮಾಡಿದರೆ 2,160 ಲೀಟರ್, ಅಂದರೆ ನಾಲ್ಕು ಪಟ್ಟು, ಬೇಕಾಗುತ್ತದೆ. ಅದರ ಬಹುಪಾಲು ಬೆಳಗಿನ ಒಂದೆರಡು ಗಂಟೆಯಲ್ಲೇ ಹಳೆಯ ಪೈಪಿಗೆ ಇಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಆರು ಕೋಣೆಯ ನಕ್ಷೆಯನ್ನು ನಾನೇ ಬರೆದುಕೊಟ್ಟಿದ್ದೆ. ಮಾಲೀಕರು ಬೇರೆ ಊರಿನಲ್ಲಿದ್ದರು, ಬೀಗದ ಕೈ ಗೇಟಿನ ಪಕ್ಕದ ಡಬ್ಬಿಯಲ್ಲಿರುತ್ತಿತ್ತು. ಒಂದು ದಸರಾ ರಜೆಯ ಬೆಳಗ್ಗೆ ಪಕ್ಕದ ಮನೆಯ ಅಜ್ಜಿ ಫೋನು ಮಾಡಿ ಕರೆದರು. ಹೋಗಿ ನೋಡಿದರೆ ಚೇಂಬರು ಉಕ್ಕಿ, ಆಗಷ್ಟೇ ಹಾಕಿದ ರಂಗೋಲಿಯ ಮೇಲೆ ಕೊಳಕು ನೀರು ಹರಿದಿತ್ತು. "ಯಾರನ್ನ ಕೇಳೋದಪ್ಪಾ, ಆ ಮನೇಲಿ ಮನೆಯೋರೇ ಇಲ್ವಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಪರವಾನಗಿ, ವಾಣಿಜ್ಯ ದರದ ವಿದ್ಯುತ್, ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸುವುದು, ಇವೆಲ್ಲ ಕಡ್ಡಾಯವೇ. ಆದರೆ ಆ ಅಜ್ಜಿಯ ಪ್ರಶ್ನೆಗೆ ಯಾವ ಅರ್ಜಿಯಲ್ಲೂ ಅಂಕಣವಿಲ್ಲ. ಹಾಗಾಗಿ ಈಗ ಮೂರು ಕೋಣೆಗಿಂತ ಹೆಚ್ಚು ಕೇಳುವವರಿಗೆ ಮೊದಲು ಸಂಪನ್ನೂ ಚರಂಡಿಯ ಪೈಪನ್ನೂ ದೊಡ್ಡದು ಮಾಡಿಸಲು ಹೇಳುತ್ತೇನೆ. ನೆಲಮಹಡಿಯಲ್ಲಿ, ಬೀದಿಗೆ ಕಿಟಕಿಯಿರುವ ಒಂದು ಕೋಣೆಯನ್ನು ಮನೆಯವರಿಗೋ ಕಾಯಂ ಆಗಿ ಅಲ್ಲೇ ಇರುವ ನೌಕರರಿಗೋ ಮೀಸಲಿಡದ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.