ಓದುಗರ ಪ್ರಶ್ನೆ: ರೆಗೆ ಹಾಡಿನ ‘ಬ್ಯಾಬಿಲಾನ್’ ಯಾವುದು?

ಪ್ರಶ್ನೆ: ಬೋನಿ ಎಂ ತಂಡ ಹಾಡಿದ ‘ರಿವರ್ಸ್ ಆಫ್ ಬ್ಯಾಬಿಲಾನ್’ ಕೇಳುತ್ತಾ ಬೆಳೆದವನು ನಾನು. ಈಗ ಜಮೈಕಾದ ಹಳೇ ರೆಗೆ ಸಂಗೀತ ಕೇಳುತ್ತಿದ್ದೇನೆ. ಅಲ್ಲಿ ಬ್ಯಾಬಿಲಾನ್ ಅನ್ನೋದು ಬೈಗುಳದ ಹಾಗೆ ಬರುತ್ತದಲ್ಲ, ಯಾಕೆ?

ಉತ್ತರ: ಅದರ ಬೇರು ಬೈಬಲ್ಲಿನಲ್ಲಿದೆ. ಕನ್ನಡ ಬೈಬಲ್ ಇದ್ದರೆ 137ನೇ ಕೀರ್ತನೆ ತೆಗೆದು ನೋಡಿ. ಅಲ್ಲಿ ಬ್ಯಾಬಿಲಾನ್‌ಗೆ ಇರುವ ಹೆಸರು ಬಾಬೆಲ್. ಸೆರೆಯಾಗಿ ಬಂದ ಯೆಹೂದ್ಯರು ನದಿ ದಂಡೆಯಲ್ಲಿ ಕೂತು, ತಮ್ಮ ಚೀಯೋನನ್ನು, ಅಂದ್ರೆ ಯೆರೂಸಲೇಮನ್ನು, ನೆನೆದು ಅಳುತ್ತಾರೆ. ಸೆರೆ ಹಿಡಿದವರು ‘ನಿಮ್ಮೂರಿನ ಹಾಡು ಹಾಡಿ’ ಅಂತಾರೆ. ಪರದೇಶದಲ್ಲಿ ಕೂತು ದೇವರ ಹಾಡು ಹೇಗೆ ಹಾಡೋದು ಅಂತ ಇವರು ಕೇಳುತ್ತಾರೆ.

ಜಮೈಕಾದ ಕಪ್ಪು ಜನರಿಗೆ ಇದು ಸ್ವಂತ ಮನೆಯ ಕಥೆ. ಆಫ್ರಿಕಾದಿಂದ ಅವರ ಹಿರಿಯರನ್ನು ಹಡಗಿನಲ್ಲಿ ತುಂಬಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ್ದರು. ಗುಲಾಮಗಿರಿ ಪೂರ್ತಿ ನಿಂತಿದ್ದು 1838ರಲ್ಲಿ. ಬಡತನ ಮಾತ್ರ ನಿಲ್ಲಲಿಲ್ಲ. 1930ರಲ್ಲಿ ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿ ಪಟ್ಟಕ್ಕೇರಿದಾಗ, ಜಮೈಕಾದ ಕೆಲವು ಬಡವರು ಆ ಕಪ್ಪು ಚಕ್ರವರ್ತಿಯಲ್ಲಿ ದೇವರನ್ನೇ ಕಂಡರು. ರಾಸ್ತಫಾರಿ ಪಂಥ ಹುಟ್ಟಿದ್ದು ಹೀಗೆ. ಅವರಿಗೆ ಇಥಿಯೋಪಿಯಾವೇ ಚೀಯೋನ್. ತಮ್ಮನ್ನು ಎಳೆದು ತಂದ, ಈಗಲೂ ತುಳಿಯುತ್ತಿರುವ ವ್ಯವಸ್ಥೆ ಇಡಿಯಾಗಿ ಬ್ಯಾಬಿಲಾನ್. ಆಡುಮಾತಿನಲ್ಲಿ ಪೊಲೀಸರಿಗೂ ಅದೇ ಹೆಸರು.

ಪೊಲೀಸರಿಗೆ ಯಾಕೆ ಅಂತೀರಾ? 1962ರಲ್ಲಿ ಜಮೈಕಾಕ್ಕೆ ಸ್ವಾತಂತ್ರ್ಯ ಬಂತು. ಮರುವರ್ಷವೇ ಮಾಂಟೆಗೊ ಬೇ ಹತ್ತಿರದ ಕೋರಲ್ ಗಾರ್ಡನ್ಸ್‌ನಲ್ಲಿ ಒಂದು ಗಲಾಟೆ ಆಯಿತು. ಅದನ್ನೇ ನೆಪ ಮಾಡಿಕೊಂಡು ಪೊಲೀಸರು ಸಿಕ್ಕಸಿಕ್ಕ ರಾಸ್ತಾಗಳನ್ನು, ಅಂದ್ರೆ ರಾಸ್ತಫಾರಿ ಪಂಥದವರನ್ನು, ಹಿಡಿದು ಹೊಡೆದರು. ಹಿಡಿದವರ ಜಡೆ ಕತ್ತರಿಸಿದರು. ರಾಸ್ತಾಗಳಿಗೆ ಆ ಜಡೆ ಸುಮ್ನೆ ಕೂದಲಲ್ಲ, ದೇವರಿಗೆ ಕೊಟ್ಟ ಮಾತು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. 54 ವರ್ಷ! ಏಟು ತಿಂದವರಲ್ಲಿ ಎಷ್ಟು ಜನ ಅದನ್ನು ಕೇಳಲು ಉಳಿದಿದ್ದರೋ.

ಈ ನೋವನ್ನು ಹಾಡಿದವರು ತುಂಬಾ ಜನ. ನನಗೆ ಜಾಸ್ತಿ ತಾಗುವವರು ಜಮೈಕಾದ ರೆಗೆ ಹಾಡುಗಾರ ಪೀಟರ್ ಟಾಶ್. ತುಳಿಯುವವನಿಗೆ ಇಂಗ್ಲಿಷಿನಲ್ಲಿ ‘ಅಪ್ರೆಸ್ಸರ್’ ಅಂತಾರೆ, ರಾಸ್ತಾಗಳು ಹಾಗೆ ಅನ್ನೋದಿಲ್ಲ. ಆ ಪದದಲ್ಲಿ ‘ಅಪ್’ ಕೇಳಿಸುತ್ತದೆ, ತುಳಿಯುವವನು ಯಾರನ್ನು ಮೇಲೆತ್ತುತ್ತಾನೆ? ಅದಕ್ಕೇ ‘ಡೌನ್‌ಪ್ರೆಸ್ಸರ್’. ಟಾಶ್ ಆ ಪದವನ್ನೇ ಹಾಡು ಮಾಡಿದರು. 1978ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್ನಿನ ಶಾಂತಿಗಾಗಿ ನಡೆದ ಸಂಗೀತ ಕಛೇರಿಯಲ್ಲಿ, ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕ ಇಬ್ಬರೂ ಕೂತಿದ್ದಾಗ, ಪೊಲೀಸರ ದಬ್ಬಾಳಿಕೆಯ ಬಗ್ಗೆ ನೇರವಾಗಿ ಮಾತಾಡಿದರು. ಕೆಲವೇ ತಿಂಗಳಲ್ಲಿ ಪೊಲೀಸರು ಅವರನ್ನು ಹಿಡಿದು ಸಾಯುವ ಹಾಗೆ ಬಡಿದರು.

ಇನ್ನು ನಿಮ್ಮ ಹಾಡಿನ ವಿಷಯ. ಅದು ಬೋನಿ ಎಂ ಅವರದ್ದಲ್ಲ. 1970ರಲ್ಲಿ ಅದನ್ನು ಹಾಡಿದ್ದು ಜಮೈಕಾದ ‘ದಿ ಮೆಲೋಡಿಯನ್ಸ್’. ಕೀರ್ತನೆಯಲ್ಲಿ ‘ಕರ್ತನ ಹಾಡು’ ಅಂತ ಬರುವ ಕಡೆ ಅವರು ‘ಕಿಂಗ್ ಆಲ್ಫಾ’ನ ಹಾಡು ಅಂದರು, ಅಂದ್ರೆ ಸೆಲಾಸಿಯ ಹಾಡು. 1978ರಲ್ಲಿ ಬೋನಿ ಎಂ ಆ ಹೆಸರು ತೆಗೆದು ‘ಲಾರ್ಡ್’ ಹಾಕಿತು. ಇವತ್ತು ರಾತ್ರಿ ಮೆಲೋಡಿಯನ್ಸ್ ಹಾಡಿದ್ದನ್ನು ಹಾಕಿ, ಆ ಹೆಸರು ಬರುವವರೆಗೆ ಕಾಯಿರಿ.