ಕೀಹೋಲ್ ಬೆನ್ನುಮೂಳೆ ಸರ್ಜರಿಯ ತೊಡಕುಗಳು: ಓದುವುದು ಹೇಗೆ?

ಸಣ್ಣ ರಂಧ್ರದ ಮೂಲಕ ಮಾಡುವ ಈ ಸರ್ಜರಿಯ ತೊಡಕುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋದರೆ ವೈವಾದ (ಮೌಖಿಕ ಪರೀಕ್ಷೆಯ) ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಬದಲಿಗೆ ಪ್ರತಿ ಹಂತದಲ್ಲೂ ಉಪಕರಣದ ತುದಿಯ ಮುಂದೆ ಏನಿದೆ ಎಂದು ಕೇಳಿಕೊಳ್ಳಿ.

ಮೊದಲನೆಯದು ಲೆವೆಲ್, ಅಂದರೆ ಯಾವ ಡಿಸ್ಕ್ (ಕಶೇರುಕಗಳ ನಡುವಿನ ಮೆತ್ತೆ) ಎಂಬುದು. ಸೊಂಟದ ಕಶೇರುಕ ಐದರ ಬದಲು ಆರಿದ್ದರೆ ಎಣಿಕೆ ತಪ್ಪಿ ಬೇರೆ ಡಿಸ್ಕ್‌ಗೇ ಕೈಹಾಕುವ ಅಪಾಯವಿದೆ. ಉಪಕರಣ ಒಳಹೋಗುವ ಟ್ಯೂಬ್ ಕೂರಿಸಿದ ಮೇಲೂ ಒಮ್ಮೆ ಸಿ-ಆರ್ಮ್‌ನಲ್ಲಿ (ಆಪರೇಷನ್ ಕೋಣೆಯ ಎಕ್ಸ್-ರೇ ಯಂತ್ರದಲ್ಲಿ) ನೋಡಬೇಕು.

ಪರೀಕ್ಷಕರಿಗೆ ಅಚ್ಚುಮೆಚ್ಚು ಡ್ಯೂರಾ (ನರಗಳನ್ನೂ ಅವುಗಳ ಸುತ್ತಲ ದ್ರವವನ್ನೂ ಆವರಿಸಿದ ಪೊರೆ) ಹರಿದುಹೋಗುವುದು. ವಯಸ್ಸಾದವರ ಸ್ಟೆನೋಸಿಸ್‌ನಲ್ಲಿ (ನರಗಳ ದಾರಿ ಕಿರಿದಾಗುವುದರಲ್ಲಿ), ಹಿಂದೆ ಸರ್ಜರಿ ಆದ ಜಾಗದಲ್ಲಿ ಡ್ಯೂರಾ ಅಂಟಿಕೊಂಡಿರುತ್ತದೆ. ಮೂಳೆ ಕಚ್ಚಿ ತೆಗೆಯುವ ಕೆರಿಸನ್ ಪಂಚ್ ಅದನ್ನೂ ಕಚ್ಚಿಬಿಡುತ್ತದೆ. ಸುಮಾರು 18 ಮಿ.ಮೀ. ಟ್ಯೂಬಿನೊಳಗೆ ಹೊಲಿಗೆ ಹಾಕುವುದು ಕಷ್ಟ, ಆದ್ದರಿಂದ ಸಣ್ಣ ಹರುಕಿಗೆ ಪ್ಯಾಚ್ (ತೇಪೆ) ಮತ್ತು ಫೈಬ್ರಿನ್ ಗ್ಲೂ (ಅಂಟು) ಸಾಕಾಗುವುದುಂಟು. ಟ್ಯೂಬ್ ತೆಗೆದೊಡನೆ ಸ್ನಾಯು ಮತ್ತೆ ಕೂಡಿಕೊಳ್ಳುವುದರಿಂದ ದ್ರವ ತುಂಬಿಕೊಳ್ಳಲು ಖಾಲಿ ಜಾಗ ಕಡಿಮೆ; ಇದೊಂದು ಲಾಭ. ಎದ್ದು ಕೂತರೆ ತಲೆನೋವು, ಮಲಗಿದರೆ ಆರಾಮ ಎಂದರೆ ಸೋರಿಕೆಯನ್ನು ನೆನೆಯಿರಿ.

ಚರ್ಮದ ಮೂಲಕವೇ ಪೆಡಿಕಲ್ ಸ್ಕ್ರೂ (ಕಶೇರುಕಕ್ಕೆ ಹಾಕುವ ತಿರುಪು) ಹಾಕುವಾಗ, ಅದಕ್ಕೆ ದಾರಿ ತೋರುವ ತಂತಿಯಾದ ಗೈಡ್‌ವೈರ್ ಮೇಲೆ ಕಣ್ಣಿಡಿ. ಸ್ಕ್ರೂಗೆ ಮೂಳೆಯಲ್ಲಿ ಮರೆ ಕೊರೆಯುವ ಟ್ಯಾಪ್ ಓರೆಯಾಗಿ ಹೋದರೆ ವೈರ್ ಬಾಗಿ, ಅದರಲ್ಲೇ ಸಿಕ್ಕಿಕೊಂಡು ಜೊತೆಗೇ ಮುಂದೆ ಸಾಗುತ್ತದೆ. ಮೂಳೆ ಸವೆದವರಲ್ಲಿ ಕೈಗೆ ತಡೆಯೇ ಗೊತ್ತಾಗದು. ಕಶೇರುಕದ ಮುಂಗೋಡೆ ದಾಟಿದರೆ ಎದುರಿಗೆ ದೊಡ್ಡ ರಕ್ತನಾಳಗಳು! ವೈರಿನ ಬಾಲವನ್ನು ಹಿಡಿದುಕೊಂಡೇ ಇರಬೇಕು, ಪಾರ್ಶ್ವ ನೋಟದ ಚಿತ್ರ ಆಗಾಗ ತೆಗೆಯಬೇಕು.

ಡಿಸ್ಕ್ ತೆಗೆಯುವಾಗಲೂ ಇದೇ ಅಪಾಯ, ಆದರೆ ಇಲ್ಲಿ ಮೋಸ ಹೆಚ್ಚು. ರಕ್ತ ಹೊಟ್ಟೆಯ ಹಿಂಭಾಗಕ್ಕೆ ಹರಿದು, ಗಾಯದಲ್ಲಿ ರಕ್ತವೇ ಇಲ್ಲದಂತೆ ಕಾಣಬಹುದು. ಕಾರಣವಿಲ್ಲದೆ ಬಿ.ಪಿ. ಕುಸಿದರೆ ರೋಗಿಯನ್ನು ಅಂಗಾತ ತಿರುಗಿಸಿ, ರಕ್ತನಾಳ ಸರ್ಜನ್‌ರನ್ನು ಕರೆಸಬೇಕು.

ಪಕ್ಕೆಯಿಂದ ಸೋಯಾಸ್ ಸ್ನಾಯು (ಬೆನ್ನುಮೂಳೆಯ ಪಕ್ಕದ ಸ್ನಾಯು) ಸೀಳಿ ಹೋಗುವ ವಿಧಾನದಲ್ಲಿ ಲಂಬಾರ್ ಪ್ಲೆಕ್ಸಸ್‌ಗೆ (ಸೊಂಟದ ನರಗಳ ಜಾಲಕ್ಕೆ) ಪೆಟ್ಟು. ಕೆಳಗೆ ಇಳಿದಂತೆಲ್ಲ ಅದು ಮುಂದಕ್ಕೆ ಬರುವುದರಿಂದ ಎಲ್4–5ರಲ್ಲಿ (ಸೊಂಟದ ನಾಲ್ಕು, ಐದನೇ ಕಶೇರುಕಗಳ ನಡುವೆ) ಅಪಾಯ ಜಾಸ್ತಿ. ತೊಡೆ ಜೋಮು, ಕಾಲೆತ್ತಲು ಬಲ ಸಾಲದಿರುವುದು ಬಹುಪಾಲು ತಾತ್ಕಾಲಿಕ. ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ ನೋಡಿ ನರವನ್ನು ಗಮನಿಸುವ ಯಂತ್ರ) ನೆಚ್ಚುವ ಮುನ್ನ ಅರಿವಳಿಕೆಯವರು ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದಾರೆಯೇ ಕೇಳಿ. ಅದರ ಪ್ರಭಾವದಲ್ಲಿ ನರದ ಎಚ್ಚರಿಕೆ ತೆರೆಯ ಮೇಲೆ ಮೂಡದಿರಬಹುದು.

ನೀರು ಹರಿಸುತ್ತಾ ಕ್ಯಾಮೆರಾ ಕೊಳವೆಯಿಂದ ಮಾಡುವ ಎಂಡೋಸ್ಕೋಪಿಯಲ್ಲಿ ಎಚ್ಚರವಿರುವ ರೋಗಿ ಕುತ್ತಿಗೆ ನೋವೆಂದರೆ ಕಡೆಗಣಿಸಬೇಡಿ. ನೀರಿನ ಒತ್ತಡ ಏರಿರಬಹುದು, ಮುಂದೆ ಫಿಟ್ಸ್ ಕೂಡ ಬರಬಹುದು.

ಸೋಂಕು ತೆರೆದ ಸರ್ಜರಿಗಿಂತ ಕಡಿಮೆ. ಎಪಿಡ್ಯೂರಲ್ ಹೆಮಟೋಮಾ (ಡ್ಯೂರಾದ ಹೊರಗೆ ರಕ್ತ ಸೇರಿ ನರಗಳನ್ನು ಒತ್ತುವುದು) ಮಾತ್ರ ವಾರ್ಡಿನಲ್ಲಿ ಕಾಣಿಸಿಕೊಳ್ಳುವಂಥದ್ದು: ಹೆಚ್ಚುತ್ತಿರುವ ನೋವು, ಹೊಸ ದೌರ್ಬಲ್ಯ, ಗುದದ ಸುತ್ತ ಜೋಮು, ಮೂತ್ರ ಕಟ್ಟುವುದು. ಬೆಳಗಿನ ರೌಂಡ್ಸ್‌ಗೆ ಕಾಯದೆ ರಾತ್ರಿಯೇ ಎಂಆರ್‌ಐ ಮಾಡಿಸಿ.